ಆರ್‌ಎಕ್ಸ್ 135: ಪೋರ್ಟಿಂಗ್ ಮಾಡಿಸಿದ್ರೆ ಎಷ್ಟು ಪವರ್ ಬರುತ್ತೆ?

ಕೋಲಾರ, ಮುಳಬಾಗಿಲು, ಮಾಲೂರು ಕಡೆಯ ಹುಡುಗರು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ: "ಅಣ್ಣಾ, ಮನೇಲಿ ಹಳೇ ಆರ್‌ಎಕ್ಸ್ 135 ಇದೆ. ಚೆನ್ನೈ ಟ್ರ್ಯಾಕ್‌ಗೆ ರೆಡಿ ಮಾಡ್ಬೇಕು. ಪೋರ್ಟಿಂಗ್ ಮಾಡಿಸಿದ್ರೆ ಎಷ್ಟು ಪವರ್ ಬರುತ್ತೆ?"

ಆರ್‌ಎಕ್ಸ್ 135 ಅಂದರೆ ಯಮಹಾದ ಹಳೇ ಟೂ-ಸ್ಟ್ರೋಕ್ ಬೈಕು. ಪೋರ್ಟಿಂಗ್ ಅಂದರೆ ಸಿಲಿಂಡರಿಗೆ ಇಂಧನ ಬರುವ, ಹೊಗೆ ಹೋಗುವ ಕಿಂಡಿಗಳನ್ನು (ಪೋರ್ಟು) ಕೊರೆದು ದೊಡ್ಡದು ಮಾಡುವುದು. ಅದೊಂದನ್ನೇ ಮಾಡಿಸಿದರೆ ಎಂಜಿನ್ ಜೋರಾಗಿ ತಿರುಗುವಾಗ ಸ್ವಲ್ಪ ಪವರ್ ಬರುತ್ತದೆ, ನಿಧಾನಕ್ಕೆ ತಿರುಗುವಾಗಿನ ಎಳೆತ ಪೂರಾ ಹೋಗುತ್ತದೆ. ಐದು ಗೇರಿನ ಗಾಡಿಗೆ ಕಂಪನಿ ಕೊಟ್ಟದ್ದು ಸುಮಾರು 14 ಬಿಎಚ್‌ಪಿ. ಸೀಲು, ಹೆಡ್ಡು, ಸೈಲೆನ್ಸರ್, ಪೋರ್ಟು, ಜೆಟ್ಟು (ಕಾರ್ಬುರೇಟರಿನಲ್ಲಿ ಎಷ್ಟು ಪೆಟ್ರೋಲ್ ಹೋಗಬೇಕೆಂದು ನಿರ್ಧರಿಸುವ ಸಣ್ಣ ತೂತಿನ ತಿರುಪು) ಇವೆಲ್ಲ ಒಂದಕ್ಕೊಂದು ಹೊಂದಿದರೆ 18ರಿಂದ 20ರವರೆಗೆ ಎಳೆಯಬಹುದು. ಅದಕ್ಕೂ ಮೇಲೆ ಹೋದರೆ, ಗಾಳಿಯಲ್ಲೇ ತಣಿಯಬೇಕಾದ ಈ ಎಂಜಿನ್ ಇಡೀ ರೇಸ್ ತಡೆಯುವುದು ಕಷ್ಟ. ಇನ್ನು ಕೋಲಾರದಲ್ಲಿ ಬೆಣ್ಣೆಯ ಹಾಗೆ ಓಡಿದ ಗಾಡಿ ಚೆನ್ನೈ ಟ್ರ್ಯಾಕ್ ಇರುವ ಇರುಂಗಾಟ್ಟುಕೋಟೈಗೆ ಹೋಗಿ ಸೀಜ್ ಆಗುತ್ತದಲ್ಲ (ಬಿಸಿಗೆ ಪಿಸ್ಟನ್ ಸಿಲಿಂಡರಿನಲ್ಲಿ ಕಚ್ಚಿಕೊಳ್ಳುತ್ತದಲ್ಲ), ಅದಕ್ಕೆ ಬಹುಪಾಲು ಕಾರಣ ಜೆಟ್ಟು. ಅದರ ಬಗ್ಗೆಯೇ ಇಲ್ಲಿ ಹೆಚ್ಚು ಬರೆದಿದ್ದೇನೆ.

ಮೊದಲು ಗಾಳಿ ಸೋರಿಕೆ ನೋಡಿ. ಟೂ-ಸ್ಟ್ರೋಕ್‌ನಲ್ಲಿ ಎಂಜಿನ್ನಿನ ಕೆಳಭಾಗದ ಕ್ರ್ಯಾಂಕ್‌ಕೇಸೇ ಗಾಳಿ-ಪೆಟ್ರೋಲ್ ಎಳೆಯುವ ಪಂಪು. ಮ್ಯಾಗ್ನೆಟ್ ಕಡೆಯ ಆಯಿಲ್ ಸೀಲ್ ಒಣಗಿದ್ದರೆ ಅಲ್ಲಿಂದ ಬರೀ ಗಾಳಿ ಒಳಗೆ ಹೋಗಿ ಮಿಕ್ಸ್ಚರ್ ತೆಳುವಾಗುತ್ತದೆ (ಗಾಳಿ ಹೆಚ್ಚಿ ಪೆಟ್ರೋಲ್ ಕಮ್ಮಿಯಾಗುತ್ತದೆ), ಪಿಸ್ಟನ್ ಸುಡುತ್ತದೆ. ಕ್ಲಚ್ ಕಡೆಯ ಸೀಲ್ ಹೋಗಿದ್ದರೆ ಗೇರ್ ಆಯಿಲ್ ಎಳೆದುಕೊಂಡು ದಟ್ಟ ಹೊಗೆ ಬಿಡುತ್ತದೆ, ಗೊತ್ತಾಗುತ್ತದೆ. ಮ್ಯಾಗ್ನೆಟ್ ಕಡೆಯದು ಗೊತ್ತೇ ಆಗುವುದಿಲ್ಲ. ಪಿಸ್ಟನ್ ಪೂರ್ತಿ ಕೆಳಗಿಟ್ಟು, ಎಕ್ಸಾಸ್ಟ್ ಬಾಯಿಗೂ ಕಾರ್ಬುರೇಟರ್ ಬಾಯಿಗೂ ರಬ್ಬರ್ ಬಿರಡೆ ಬಿಗಿದು, ಪ್ಲಗ್ ರಂಧ್ರದಿಂದ 6 ಪಿಎಸ್‌ಐ ಗಾಳಿ ತುಂಬಿ. ಅದಕ್ಕಿಂತ ಹೆಚ್ಚು ತುಂಬಿದರೆ ಚೆನ್ನಾಗಿರುವ ಸೀಲೂ ಹಾಳಾಗುತ್ತದೆ. ನಿಮಿಷಕ್ಕೆ 1 ಪಿಎಸ್‌ಐಗಿಂತ ಹೆಚ್ಚು ಇಳಿದರೆ ಸೋಪು ನೀರು ಬಳಿದು ಗುಳ್ಳೆ ಎಲ್ಲಿ ಏಳುತ್ತದೆ ನೋಡಿ. ಈ ಪರೀಕ್ಷೆ ಪಾಸಾಗದ ಎಂಜಿನ್ನಿಗೆ ಪವರ್ ಪಾರ್ಟ್ಸ್ ಹಾಕುವುದು ದುಡ್ಡು ದಂಡ.

ಈ ಎಂಜಿನ್ನಿನ ಬೋರ್ (ಸಿಲಿಂಡರಿನ ಒಳವ್ಯಾಸ) 58, ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) 50 ಮಿ.ಮೀ. ಬೋರಿಂಗ್ ಮಾಡಿಸುವಾಗ ಪಿಸ್ಟನ್ ಮೊದಲು ತಂದು, ಅದನ್ನು ಅಳೆದೇ ಬ್ಲಾಕ್ ಕೊರೆಸಿ. ಟ್ರ್ಯಾಕ್ ಗಾಡಿಗೆ ಪಿಸ್ಟನ್ ಮತ್ತು ಲೈನರ್ (ಬ್ಲಾಕಿನ ಒಳಗೋಡೆ) ನಡುವೆ 0.05ರಿಂದ 0.06 ಮಿ.ಮೀ. ಸಂದು ಬೇಕು, ರೋಡ್ ಗಾಡಿಯ ಬಿಗಿ ಇಲ್ಲಿ ನಡೆಯುವುದಿಲ್ಲ. ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಪಿಸ್ಟನ್ ಕಿಟ್ ತರುವವರು ಡೂಪ್ಲಿಕೇಟ್ ಬಗ್ಗೆ ಎಚ್ಚರವಾಗಿರಿ. ಡಬ್ಬದ ಮೇಲಿನ ಹೆಸರು ನೋಡಿದರೆ ಸಾಲದು, ಮೈಕ್ರೋಮೀಟರ್ ಇಟ್ಟು ನೋಡಬೇಕು. ಬೋರಿಂಗ್ ಆದ ಮೇಲೆ ಪೋರ್ಟುಗಳ ಅಂಚು ಬ್ಲೇಡಿನಷ್ಟು ಹರಿತವಾಗಿರುತ್ತದೆ. ಅದನ್ನು ಕೈಯಿಂದ ಉಜ್ಜಿ ನುಣುಪು ಮಾಡದಿದ್ದರೆ ರಿಂಗ್ ಸಿಕ್ಕಿ ಮುರಿಯುತ್ತದೆ.

ಈಗ ಪೋರ್ಟು. ಎಕ್ಸಾಸ್ಟ್ ಪೋರ್ಟಿನ ಮೇಲಂಚು 1 ಮಿ.ಮೀ. ಏರಿಸಿದರೆ ಪೋರ್ಟ್ ತೆರೆದಿರುವ ಅವಧಿ ಸುಮಾರು ನಾಲ್ಕೂವರೆ ಡಿಗ್ರಿ ಹೆಚ್ಚುತ್ತದೆ. "ಎರಡು ಎಂ.ಎಂ. ಏರಿಸಿಬಿಡಿ" ಅನ್ನುವ ಮಾತು ಕೇಳಿ ಗ್ರೈಂಡರ್ ಹಿಡಿಯಬೇಡಿ. ಮೊದಲು ಡಿಗ್ರಿ ವೀಲ್ (ಕ್ರ್ಯಾಂಕ್ ತಿರುಗಿದ ಕೋನ ತೋರಿಸುವ ಚಕ್ರ) ಕಟ್ಟಿ ಈಗ ಎಷ್ಟಿದೆ ಅಂತ ಅಳೆಯಿರಿ. ಟ್ರ್ಯಾಕ್‌ಗೆ ಎಕ್ಸಾಸ್ಟ್ 188 ಡಿಗ್ರಿ, ಟ್ರಾನ್ಸ್‌ಫರ್ (ಕ್ರ್ಯಾಂಕ್‌ಕೇಸಿನಿಂದ ಮಿಕ್ಸ್ಚರ್ ಮೇಲೆ ಬರುವ ಪೋರ್ಟು) 126ರ ಆಸುಪಾಸು ಸಾಕು. ಎಕ್ಸಾಸ್ಟ್ ಪೋರ್ಟಿನ ಅಗಲವನ್ನು 38 ಮಿ.ಮೀ. ದಾಟಿಸಬೇಡಿ, ಅಂದರೆ ಬೋರಿನ ಮುಕ್ಕಾಲಿಗಿಂತ ಚೆನ್ನಾಗಿ ಒಳಗೇ. ನಡುವೆ ಕಂಬಿ ಇಲ್ಲದ ಪೋರ್ಟ್ ಅದಕ್ಕಿಂತ ಅಗಲವಾದರೆ ರಿಂಗ್ ಹೊರಕ್ಕೆ ಉಬ್ಬಿ ಅಂಚಿಗೆ ಬಡಿಯುತ್ತದೆ.

ಈ 188 ಡಿಗ್ರಿ ಕೆಲಸ ಮಾಡುವುದು ಅದಕ್ಕೆ ತಕ್ಕ ಎಕ್ಸ್‌ಪಾನ್ಷನ್ ಚೇಂಬರ್ (ನಡುವೆ ಉಬ್ಬಿ ಮತ್ತೆ ಕಿರಿದಾಗುವ ರೇಸಿಂಗ್ ಸೈಲೆನ್ಸರ್) ಇದ್ದಾಗ ಮಾತ್ರ. ಲೆಕ್ಕ ಸುಲಭ: ಡಿಗ್ರಿಯನ್ನು 42,545ರಿಂದ ಗುಣಿಸಿ, ಪವರ್ ಬೇಕಾದ ಆರ್‌ಪಿಎಂನಿಂದ ಭಾಗಿಸಿ. 9,000 ಆರ್‌ಪಿಎಂಗೆ ಸುಮಾರು 889 ಮಿ.ಮೀ. ಬರುತ್ತದೆ. ಇದು ಪಿಸ್ಟನ್ ಮುಖದಿಂದ ಹಿಂದಿನ ಕೋನಿನ ಪ್ರತಿಫಲನ ಬಿಂದುವರೆಗಿನ ಉದ್ದ. ಕೊನೆಯ ಸಣ್ಣ ಪೈಪಿನ ಒಳವ್ಯಾಸ 20-21 ಮಿ.ಮೀ. ಇರಲಿ. ಸದ್ದು ಚೆನ್ನಾಗಿ ಬರಲಿ ಅಂತ ಇದನ್ನು ಕಿರಿದು ಮಾಡಿದರೆ ಬಿಸಿ ಒಳಗೇ ನಿಂತು ಪಿಸ್ಟನ್ ತಲೆ ತೂತಾಗುತ್ತದೆ. ಈ ಪೈಪ್ ಹಾಕಿಕೊಂಡು ಹೈವೇ ಮೇಲೆ ಟೆಸ್ಟ್ ಮಾಡಬೇಡಿ, ಅಂತರಗಂಗೆ ರಸ್ತೆಯಲ್ಲಂತೂ ಬೇಡವೇ ಬೇಡ.

ಹೆಡ್ಡಿನಲ್ಲಿ ಸ್ಕ್ವಿಷ್ ಸಂದು (ಪಿಸ್ಟನ್ ಪೂರ್ತಿ ಮೇಲಿದ್ದಾಗ ಅದರ ಅಂಚಿಗೂ ಹೆಡ್ಡಿಗೂ ನಡುವಿನ ಜಾಗ) 0.9 ಮಿ.ಮೀ.ಗೆ ತನ್ನಿ. ಪ್ಲಗ್ ರಂಧ್ರದಿಂದ 2 ಮಿ.ಮೀ. ಸೋಲ್ಡರ್ ತಂತಿಯನ್ನು ಲೈನರ್ ಗೋಡೆಗೆ ತಾಗುವಂತೆ ತೂರಿಸಿ, ಕಿಕ್ಕರ್ ನಿಧಾನಕ್ಕೆ ಒತ್ತಿ, ಚಪ್ಪಟೆಯಾದ ತುದಿ ಅಳೆಯಿರಿ. ಪಿಸ್ಟನ್ ಪಿನ್ನಿನ ನೇರಕ್ಕೆ ಎರಡೂ ಕಡೆ ನೋಡಬೇಕು, ಬೇರೆ ಕಡೆ ಹಿಡಿದರೆ ಪಿಸ್ಟನ್ ವಾಲಿ ಅಳತೆ ತಪ್ಪುತ್ತದೆ. ಕಾರ್ಬುರೇಟರ್ 26 ಮಿ.ಮೀ. ಮಿಕುನಿ ಸಾಕು. ರೀಡ್‌ಗೆ (ಮಿಕ್ಸ್ಚರ್ ಹಿಂದಕ್ಕೆ ಹೋಗದಂತೆ ತಡೆಯುವ ಕವಾಟ) ಫೈಬರ್ ಎಲೆ ಹಾಕಿ. ಕ್ಲಚ್ ಸ್ಪ್ರಿಂಗ್ ಬಿಗಿಯದು ಹಾಕಿ. ಪ್ಲಗ್ ಒಂದು ನಂಬರ್ ತಂಪಿನದು (ಬಿಸಿ ಬೇಗ ಹೊರಗೆ ಬಿಡುವುದು) ಇರಲಿ. ಎನ್‌ಜಿಕೆಯಲ್ಲಿ ನಂಬರ್ ಹೆಚ್ಚಾದಷ್ಟೂ ಪ್ಲಗ್ ತಂಪು.

ಆಟೋಲೂಬ್ ಪಂಪ್ (ಎಂಜಿನ್ನಿಗೆ ತಾನಾಗಿ ಆಯಿಲ್ ಕೊಡುವ ಪಂಪ್) ತೆಗೆದು, ಆ ಜಾಗ ಮುಚ್ಚಿ, ಆಯಿಲ್ ಪೆಟ್ರೋಲಿಗೇ ಬೆರೆಸಿ. ಲೀಟರಿಗೆ 40 ಮಿ.ಲೀ., 5 ಲೀಟರಿಗೆ 200 ಮಿ.ಲೀ., ಜಾಸೊ ಎಫ್‌ಡಿ (ಟೂ-ಸ್ಟ್ರೋಕ್ ಆಯಿಲಿನ ಜಪಾನಿ ಮಾನದಂಡ) ದರ್ಜೆಯ ಆಯಿಲ್. ಈ ಪ್ರಮಾಣವನ್ನು ಜೆಟ್ ಹೊಂದಿಸುವ ಮೊದಲೇ ಗಟ್ಟಿ ಮಾಡಿಕೊಳ್ಳಿ. "ಸೀಜ್ ಆಗಬಾರದು" ಅಂತ ಆಮೇಲೆ ಆಯಿಲ್ ಹೆಚ್ಚಿಸಿದರೆ, ಅದೇ ಜೆಟ್ಟಿನಲ್ಲಿ ಪೆಟ್ರೋಲ್ ಅಷ್ಟು ಕಮ್ಮಿ ಹೋಗಿ ಮಿಕ್ಸ್ಚರ್ ಇನ್ನೂ ತೆಳುವಾಗುತ್ತದೆ.

ಇನ್ನು ಜೆಟ್ಟು. ಕೋಲಾರ ಇರುವುದು ಸಮುದ್ರಮಟ್ಟದಿಂದ ಸುಮಾರು 820 ಮೀಟರ್ ಎತ್ತರದಲ್ಲಿ. ಇರುಂಗಾಟ್ಟುಕೋಟೈ ಹೆಚ್ಚುಕಮ್ಮಿ ಸಮುದ್ರಮಟ್ಟ. ನಮ್ಮೂರಿನ ಗಾಳಿಯ ಒತ್ತಡ ಅಲ್ಲಿಗಿಂತ ಶೇ. 9ರಷ್ಟು ಕಮ್ಮಿ. ಅಲ್ಲಿನ ಸೆಕೆ ಸ್ವಲ್ಪ ಕಳೆದರೂ ಅಲ್ಲಿ ಕ್ರ್ಯಾಂಕ್ ತಿರುಗುವ ಪ್ರತಿ ಸುತ್ತಿಗೆ ಎಂಜಿನ್ನಿಗೆ ಶೇ. 6-7ರಷ್ಟು ಹೆಚ್ಚು ಗಾಳಿ ಸಿಗುತ್ತದೆ. ಕಾರ್ಬುರೇಟರ್ ತಾನಾಗಿ ಹೆಚ್ಚಿಸಿಕೊಳ್ಳುವ ಪೆಟ್ರೋಲ್ ಅದರಲ್ಲಿ ಅರ್ಧದಷ್ಟಕ್ಕೆ ಮಾತ್ರ ಸಾಕು. ಇಲ್ಲಿ ಸರಿಯಿದ್ದ ಮೇನ್ ಜೆಟ್ ಅಲ್ಲಿ ತೆಳುವಾಗುವುದು ಹೀಗೆ. ಇದರ ಮೇಲೆ ಬಂಕಿನಲ್ಲಿ ಈಗ ಸಿಗುವುದು ಇ20 (ಶೇ. 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲ್). ಶುದ್ಧ ಪೆಟ್ರೋಲಿಗೆ ಹೊಂದಿಸಿದ ಹಳೇ ಜೆಟ್ ನಂಬರಿಗೆ ಹೋಲಿಸಿದರೆ ಇದಕ್ಕೆ ಶೇ. 7-8ರಷ್ಟು ಹೆಚ್ಚು ಇಂಧನ ಬೇಕು. ಹತ್ತು ವರ್ಷದ ಹಿಂದೆ ಯಾರೋ ಬರೆದಿಟ್ಟ ಜೆಟ್ ಚೀಟಿ ನಂಬಬೇಡಿ. ಹಳೇ ಪೈಪು, ಓ-ರಿಂಗುಗಳನ್ನು ಎಥೆನಾಲ್ ತಡೆಯುವ ರಬ್ಬರಿಗೆ ಬದಲಿಸಿ. ಬೆರೆಸಿದ ಪೆಟ್ರೋಲನ್ನು ವಾರಗಟ್ಟಲೆ ಟ್ಯಾಂಕಿನಲ್ಲಿ ಬಿಡಬೇಡಿ, ಎಥೆನಾಲ್ ನೀರು ಹೀರುತ್ತದೆ.

ಹೋಗುವಾಗ ಕೋಲಾರದ ಜೆಟ್ಟಿಗಿಂತ ದೊಡ್ಡದು ನಾಲ್ಕೈದು ನಂಬರ್ ಜೇಬಿನಲ್ಲಿರಲಿ. ಎರಡು ನಂಬರ್ ದೊಡ್ಡದರಿಂದ ಶುರು ಮಾಡಿ, ಒಂದೊಂದೇ ಇಳಿಸಿ. ಕೆಳಗಿನಿಂದ ಮೇಲಕ್ಕೆ ಹೋಗಬೇಡಿ, ಒಂದು ಸಲ ತೆಳುವಾದರೆ ಪಿಸ್ಟನ್ ಹೋಯಿತು. ಈ ಸರ್ಕ್ಯೂಟ್ ಒಂದು ಸುತ್ತು 3.717 ಕಿ.ಮೀ. ನೇರ ದಾರಿಯ ಕೊನೆಯಲ್ಲಿ ಥ್ರಾಟಲ್ ದಿಢೀರ್ ಮುಚ್ಚಿದಾಗ ಎಂಜಿನ್ 9,000ದಲ್ಲಿ ತಿರುಗುತ್ತಿರುತ್ತದೆ, ಆಯಿಲ್ ಮಾತ್ರ ಪೆಟ್ರೋಲಿನ ಜೊತೆಗೇ ನಿಂತಿರುತ್ತದೆ. ಸೀಜ್ ಆಗುವ ಜಾಗ ಇದೇ. ಬ್ರೇಕ್ ಹಿಡಿಯುವಾಗ ಎರಡು ಬೆರಳು ಕ್ಲಚ್ ಮೇಲೇ ಇರಲಿ.

ಜೆಟ್ ಸರಿಯೋ ಇಲ್ಲವೋ ನೋಡಲು ಹೊಸ ಪ್ಲಗ್ ಹಾಕಿ, ನೇರ ದಾರಿಯಲ್ಲಿ ಪೂರ್ತಿ ಥ್ರಾಟಲ್‌ನಲ್ಲಿ ಎಳೆದು, ಕ್ಲಚ್ ಹಿಡಿದು ಆ ಕ್ಷಣವೇ ಕಿಲ್ ಸ್ವಿಚ್ ಒತ್ತಿ, ತಳ್ಳಿಕೊಂಡು ಪಿಟ್‌ಗೆ ತನ್ನಿ. ಮುಂಚೆಯೇ ಅಧಿಕಾರಿಗಳಿಗೆ ಹೇಳಿ, ರೇಸಿಂಗ್ ಲೈನ್ ಬಿಟ್ಟು ಅಂಚಿಗೆ ಬನ್ನಿ. ಪ್ಲಗ್ ಬಿಚ್ಚಿ ಭೂತಗನ್ನಡಿಯಲ್ಲಿ ಬಿಳಿ ಪಿಂಗಾಣಿಯ ಬುಡ ನೋಡಿ. ಅಲ್ಲಿ ಕಂದು ಉಂಗುರ ಕಂಡರೆ ಸರಿ. ಬೆಳ್ಳಿ ಬಣ್ಣದ ಸಾಸಿವೆಗಿಂತ ಸಣ್ಣ ಚುಕ್ಕೆಗಳು ಕಂಡರೆ ಅದು ಪಿಸ್ಟನ್ನಿನಿಂದಲೇ ಕಿತ್ತು ಬಂದ ಅಲ್ಯೂಮಿನಿಯಂ. ಒಳಗೆ ನಾಕಿಂಗ್ (ಇಂಧನ ಸರಿಯಾಗಿ ಉರಿಯದೆ ಬಡಿದಂತೆ ಸಿಡಿಯುವುದು) ಆಗುತ್ತಿದೆ. ಆಗ ಮುಂದಿನ ಸೆಷನ್ ಬಿಟ್ಟು, ಜೆಟ್ ದೊಡ್ಡದು ಮಾಡಿ, ಇಗ್ನಿಷನ್ ಒಂದೆರಡು ಡಿಗ್ರಿ ಹಿಂದಕ್ಕೆ ತಂದು, ಹೆಡ್ ಬಿಚ್ಚಿ ಪಿಸ್ಟನ್ ಅಂಚು ನೋಡಿದ ಮೇಲೆಯೇ ಮತ್ತೆ ಕಿಕ್ ಹೊಡೆಯಿರಿ.