ಅತ್ಸುವ: ಲೂವಿಯನ್ ಭಾಷೆಯ ಒಂದು ಕುದುರೆ

ಪ್ರಾಚೀನ ಲೂವಿಯನ್ ಭಾಷೆಯಲ್ಲಿ ಕುದುರೆಗೆ 'ಅತ್ಸುವ' ಎಂಬ ಪದವಿತ್ತು. ಅದನ್ನು ಮೊದಲ ಸಲ ಓದಿದಾಗ ನನ್ನ ಕಿವಿಗೆ ಕೇಳಿಸಿದ್ದು 'ಅಶ್ವ'ವೇ. ಅಶ್ವಮೇಧ, ಅಶ್ವತ್ಥಾಮ, ಅಶ್ವಿನಿ ನಕ್ಷತ್ರ ಎಂದು ಕೇಳುತ್ತಲೇ ಬೆಳೆದವರಿಗೆ ಬೇರೇನು ಕೇಳಿಸೀತು? ಈ ಪದ ಸಂಸ್ಕೃತದಿಂದಲೋ ಅದರ ಹತ್ತಿರದ ನೆಂಟ ಭಾಷೆಯಿಂದಲೋ ಅಲ್ಲಿಗೆ ಹೋಗಿರಲೇಬೇಕು ಎಂದು ಬಹಳ ಕಾಲ ನಂಬಿದ್ದೆ. ಆ ನಂಬಿಕೆಯನ್ನು ಏಕೆ ಬಿಡಬೇಕಾಯಿತು ಎಂಬುದನ್ನು ಬರೆದಿಡಬೇಕೆಂದು ಬಹುದಿನಗಳಿಂದ ಅಂದುಕೊಂಡಿದ್ದೆ.

ಲೂವಿಯನ್ ಇಂದಿನ ಟರ್ಕಿಯ ದಕ್ಷಿಣ ಮತ್ತು ಪಶ್ಚಿಮ ಭಾಗಗಳಲ್ಲಿ ಕ್ರಿಸ್ತಪೂರ್ವ ಎರಡನೆಯ ಹಾಗೂ ಮೊದಲನೆಯ ಸಹಸ್ರಮಾನಗಳಲ್ಲಿ ಬಳಕೆಯಲ್ಲಿದ್ದ ಭಾಷೆ. ಅದೇ ನಾಡಿನಲ್ಲಿ ಸಾಮ್ರಾಜ್ಯ ಕಟ್ಟಿದ ಹಿಟ್ಟೈಟರ ಭಾಷೆಯ ಒಡಹುಟ್ಟು ಎನ್ನಬಹುದು. ಇದನ್ನು ಜೇಡಿಮಣ್ಣಿನ ಹಲಗೆಗಳ ಮೇಲೆ ಬೆಣೆಲಿಪಿಯಲ್ಲಿ ಬರೆದರು, ಬಂಡೆಗಳ ಮೇಲೆ ಬೇರೆಯೇ ಒಂದು ಚಿತ್ರಲಿಪಿಯಲ್ಲಿ ಕೆತ್ತಿದರು. ಈ ಚಿತ್ರಲಿಪಿಯ ಸಾಲುಗಳು ಸಾಮಾನ್ಯವಾಗಿ ನೇಗಿಲು ಹೂಡಿದ ಎತ್ತಿನಂತೆ ಸಾಗುತ್ತವೆ: ಒಂದು ಸಾಲು ಬಲದಿಂದ ಎಡಕ್ಕಾದರೆ ಮುಂದಿನದು ಎಡದಿಂದ ಬಲಕ್ಕೆ. ಪ್ರಾಣಿಗಳ ಮುಖ ಯಾವಾಗಲೂ ಸಾಲು ಆರಂಭವಾಗುವ ಕಡೆಗಿರುವುದರಿಂದ, ಸಾಲು ತಿರುಗಿದಾಗ ಕುದುರೆಯೂ ಮುಖ ತಿರುಗಿಸುತ್ತದೆ.

ಕುದುರೆಯ ಗುರುತು ಎಂದರೆ ಕುದುರೆಯ ತಲೆಯೇ. ಕೆಲವೊಮ್ಮೆ ಆ ತಲೆಯನ್ನು ಕೆತ್ತಿ, ಅದರ ಮುಂದೆ ಪದದ ಕೊನೆಯ ಉಚ್ಚಾರವನ್ನು ಮಾತ್ರ ಬರೆಯುತ್ತಿದ್ದರು. ನಾವು '10ಕ್ಕೆ' ಎಂದು ಬರೆದು 'ಹತ್ತಕ್ಕೆ' ಎಂದು ಓದುವುದಿಲ್ಲವೇ, ಹಾಗೆ. ಅಂಕಿಯಲ್ಲಿ 'ಹತ್ತು' ಎಂಬ ಉಚ್ಚಾರವಿಲ್ಲ, ಆದರೂ ಓದುವವನಿಗೆ ಅದು ಗೊತ್ತು. ಅದೃಷ್ಟವಶಾತ್ ಲೂವಿಯನ್ ಬರೆಹಗಾರರು ಕೆಲವು ಕಡೆ ತಲೆಯ ಜೊತೆಗೆ ಪದವನ್ನು ಪೂರ್ತಿ ಅಕ್ಷರಗಳಲ್ಲಿಯೂ ಬಿಡಿಸಿ ಬರೆದರು. ಅದರಿಂದಲೇ 'ಅತ್ಸುವ' ನಮ್ಮವರೆಗೆ ತಲುಪಿದೆ.

ಅರ್ಥದ ಬಗ್ಗೆ ಅನುಮಾನವಿಲ್ಲ. 1946ರಲ್ಲಿ ಪುರಾತತ್ತ್ವಜ್ಞರಾದ ಹೆಲ್ಮುತ್ ಬೊಸರ್ಟ್ ಮತ್ತು ಹಾಲೆತ್ ಚಾಂಬೆಲ್ ಅವರು ದಕ್ಷಿಣ ಟರ್ಕಿಯ ಕರತೆಪೆಯಲ್ಲಿ ಬೆಳಕಿಗೆ ತಂದ ಕ್ರಿ.ಪೂ. 8ನೆಯ ಶತಮಾನದ ಶಾಸನದಲ್ಲಿ ಒಂದೇ ವಿಷಯ ಫಿನೀಷಿಯನ್ (ಹೀಬ್ರೂ, ಅರಬ್ಬಿಗಳಂತೆ ಸೆಮಿಟಿಕ್ ಬಳಗದ ಭಾಷೆ) ಮತ್ತು ಲೂವಿಯನ್ ಎರಡರಲ್ಲೂ ಇದೆ. ಅಲ್ಲಿ ಅಜತಿವಾದ ಎಂಬ ಅಧಿಪತಿ ಕುದುರೆಯ ಮೇಲೆ ಕುದುರೆಯನ್ನೂ, ಗುರಾಣಿಯ ಮೇಲೆ ಗುರಾಣಿಯನ್ನೂ, ಸೈನ್ಯದ ಮೇಲೆ ಸೈನ್ಯವನ್ನೂ ಕೂಡಿಸಿದೆನೆಂದು ಹೇಳಿಕೊಳ್ಳುತ್ತಾನೆ. ಫಿನೀಷಿಯನ್ ಪಾಠದಲ್ಲಿ ಕುದುರೆಯ ಸೆಮಿಟಿಕ್ ಹೆಸರು ಇರುವ ಜಾಗಕ್ಕೆ ಸರಿಯಾಗಿ ಲೂವಿಯನ್ ಪಾಠದಲ್ಲಿ ಕುದುರೆಯ ತಲೆಯೂ ಅದರ ಮುಂದೆ 'ತ್ಸು' ಅಕ್ಷರವೂ ಇವೆ. ನಮ್ಮ ಶಾಸನಗಳ ಬಿರುದಾವಳಿ ಓದಿದವರಿಗೆ ಈ ಧಾಟಿ ಅಪರಿಚಿತವೆನಿಸದು.

ಇನ್ನು ಮೂಲದ ಪ್ರಶ್ನೆ. ಇದು ಇಂಡೋ-ಆರ್ಯನ್ ಎರವಲು, ಅಂದರೆ ಸಂಸ್ಕೃತದ ಬಳಗದಿಂದ ಬಂದದ್ದು, ಎಂಬ ಊಹೆ ತೀರ ಹಗುರವಾದದ್ದೇನಲ್ಲ. ಹಿಟ್ಟೈಟರ ರಾಜಧಾನಿಯಾಗಿದ್ದ ಹತ್ತುಸದಲ್ಲಿ, ಅಂದರೆ ನಮ್ಮ ಇತಿಹಾಸದ ಪಠ್ಯಗಳಲ್ಲಿ ಬರುವ ಬೊಗಜ್‌ಕೊಯ್‌ನಲ್ಲಿ, ಉತ್ತರ ಸಿರಿಯಾದ ಕಡೆಯ ಮಿತಾನಿ ದೇಶದ ಕಿಕ್ಕುಲಿ ಎಂಬ ಅಶ್ವಶಿಕ್ಷಕನ ಕೈಪಿಡಿ ಸಿಕ್ಕಿದೆ. ಅವನ ಹುದ್ದೆಯ ಹೆಸರೇ 'ಅಶ್ಶುಶ್ಶನ್ನಿ'. ರಥದ ಕುದುರೆಗಳನ್ನು ಸುತ್ತು ಹಾಕಿಸುವ ಲೆಕ್ಕವನ್ನು ಅವನು ಐಕ-ವರ್ತನ್ನ, ತೇರ-ವರ್ತನ್ನ, ಪಂಜ-ವರ್ತನ್ನ, ಸತ್ತ-ವರ್ತನ್ನ ಎಂದು ಕೊಡುತ್ತಾನೆ. ಏಕ, ತ್ರಿ, ಪಂಚ, ಸಪ್ತಗಳನ್ನು ಇವುಗಳಲ್ಲಿ ಗುರುತಿಸಲು ನಮಗೆ ಯಾರ ನೆರವೂ ಬೇಡ. ಇದೇ ಊರಿನಲ್ಲಿ ದೊರೆತ, ಕ್ರಿ.ಪೂ. 14ನೆಯ ಶತಮಾನದ ಒಪ್ಪಂದದಲ್ಲಿ ಮಿತಾನಿಯ ದೇವತೆಗಳ ಸಾಲಿನಲ್ಲಿ ಮಿತ್ರ, ವರುಣ, ಇಂದ್ರರ ಜೊತೆಗೆ ನಾಸತ್ಯರ ಹೆಸರೂ ಇದೆ; ನಾಸತ್ಯರೆಂದರೆ ಅಶ್ವಿನೀ ದೇವತೆಗಳು. ಕುದುರೆ ಪಳಗಿಸುವ ವಿದ್ಯೆಯ ಮಾತುಗಳನ್ನು ಮಿತಾನಿಯಿಂದ ಪಡೆದವರು ಕುದುರೆಯ ಹೆಸರನ್ನೂ ಅಲ್ಲಿಂದಲೇ ಪಡೆದಿರಬಾರದೇಕೆ?

ಉತ್ತರ ಹುಡುಕಲು ಕನ್ನಡದಿಂದಲೇ ಹೊರಡೋಣ. ಹಳಗನ್ನಡದ ಪಾಲ್, ಪುಲಿ, ಪೂ ಎಂಬವು ನಡುಗನ್ನಡಕ್ಕೆ ಬರುವ ಹೊತ್ತಿಗೆ ಹಾಲು, ಹುಲಿ, ಹೂ ಆದವು. ಇದು ಒಂದೆರಡು ಪದಗಳ ಚಪಲವಲ್ಲ, ನಿಯಮ. ಸಂಸ್ಕೃತದ 'ಪರ್ವ' ಬೇಗನೆ ಬಂದು 'ಪಬ್ಬ'ವಾಗಿ ನೆಲೆಸಿದ್ದರಿಂದ ಅದೂ ಈ ನಿಯಮಕ್ಕೆ ಒಳಪಟ್ಟು 'ಹಬ್ಬ'ವಾಯಿತು. ಸಂಸ್ಕೃತದ ರೂಪದಲ್ಲೇ ಉಳಿದ 'ಪರ್ವ' ಮಾತ್ರ ಇಂದಿಗೂ ಪಕಾರವನ್ನೇ ಹೊತ್ತಿದೆ. ಹೀಗಾಗಿ ಒಂದು ಪದ ಮನೆಯದೋ ಹೊರಗಿನದೋ, ಹೊರಗಿನದಾದರೆ ಯಾವಾಗ ಬಂದದ್ದು ಎಂಬುದನ್ನು ಅದರ ಹೋಲಿಕೆಗಿಂತ ಅದು ಪಾಲಿಸಿದ ನಿಯಮವೇ ಚೆನ್ನಾಗಿ ಹೇಳುತ್ತದೆ.

ಲೂವಿಯನ್‌ನಲ್ಲಿ ಕುದುರೆ ಒಂಟಿಯಾಗಿಲ್ಲ. ನಾಯಿಗೆ ಅಲ್ಲಿ 'ತ್ಸುವನಿ', ಸಂಸ್ಕೃತದಲ್ಲಿ ಶ್ವಾನ, ಲ್ಯಾಟಿನ್‌ನಲ್ಲಿ ಕಾನಿಸ್. ಕೊಂಬಿಗೆ 'ತ್ಸುರ್ನಿ', ಸಂಸ್ಕೃತದಲ್ಲಿ ಶೃಂಗ, ಲ್ಯಾಟಿನ್‌ನಲ್ಲಿ ಕಾರ್ನು. ಮಲಗಿದೆ ಎನ್ನಲು 'ತ್ಸಿಯರಿ', ಸಂಸ್ಕೃತದಲ್ಲಿ ಶೇತೇ, ಗ್ರೀಕ್‌ನಲ್ಲಿ ಕೇಯ್ತಾಯ್. ಸಂಸ್ಕೃತದಲ್ಲಿ ಶಕಾರ ಇರುವಲ್ಲಿ ಲೂವಿಯನ್‌ನಲ್ಲಿ ತ್ಸಕಾರ, ಲ್ಯಾಟಿನ್ ಮತ್ತು ಗ್ರೀಕ್‌ಗಳಲ್ಲಿ ಕಕಾರ. ಕುದುರೆಯೂ ಇದೇ ಸಾಲಿನದು: ಅತ್ಸುವ, ಅಶ್ವ, ಲ್ಯಾಟಿನ್‌ನ ಎಕ್ವುಸ್. ಕುದುರೆ ವಿದ್ಯೆಯ ಜೊತೆಗೆ ಕುದುರೆಯ ಹೆಸರನ್ನು ಸಾಲ ಪಡೆಯುವವರು ಇದ್ದಾರು, ಆದರೆ ನಾಯಿ, ಕೊಂಬು, ಮಲಗುವುದು ಇವೆಲ್ಲಕ್ಕೂ ಮಿತಾನಿಯ ಬಾಗಿಲು ತಟ್ಟುವವರು ಇರಲಾರರು. ಸಾಲದ್ದಕ್ಕೆ, ಲೂವಿಯನ್‌ಗೆ ಹತ್ತಿರದ ಬಂಧುವಾದ ಲಿಸಿಯನ್ ಭಾಷೆಯಲ್ಲಿ ಕುದುರೆಗೆ 'ಎಸ್ಬೆ' ಎಂಬ ತನ್ನದೇ ರೂಪವಿದೆ. ಆದ್ದರಿಂದ ಅತ್ಸುವ ಮತ್ತು ಅಶ್ವಗಳು ಸಾಲಗಾರ ಮತ್ತು ಸಾಲ ಕೊಟ್ಟವರಲ್ಲ, ಒಂದೇ ಮನೆಯಿಂದ ಬಹಳ ಹಿಂದೆಯೇ ಬೇರೆಯಾದ ದಾಯಾದಿಗಳು ಎಂಬ ವಾದವೇ ನನಗೆ ಸರಿಯೆನಿಸುತ್ತದೆ.

ಈ ಪುಟ್ಟ ಪದಕ್ಕೆ ವಿದ್ವಾಂಸರಲ್ಲಿ ಇಷ್ಟು ಬೆಲೆ ಬಂದದ್ದಕ್ಕೆ ಇನ್ನೊಂದು ಕಾರಣವಿದೆ. ಸಂಸ್ಕೃತ, ಗ್ರೀಕ್, ಲ್ಯಾಟಿನ್, ಲೂವಿಯನ್ ಎಲ್ಲಕ್ಕೂ ಪೂರ್ವಜವೆನ್ನಲಾಗುವ ಮೂಲ ಇಂಡೋ-ಯುರೋಪಿಯನ್‌ನಲ್ಲಿ ತಾಲುವಿನ ಕಡೆಗೆ ವಾಲಿದ ಕ, ಬರಿಯ ಕ, ತುಟಿ ದುಂಡಾಗಿಸಿ ನುಡಿಯುವ ಕ್ವ ಎಂದು ಮೂರು ಬಗೆಗಳಿದ್ದವೆಂದು ಊಹಿಸಿದ್ದರು. ಆದರೆ ಸಂಸ್ಕೃತ ಕೊನೆಯ ಎರಡನ್ನು ಬೆರೆಸಿತು, ಲ್ಯಾಟಿನ್ ಮೊದಲ ಎರಡನ್ನು ಬೆರೆಸಿತು. 1987ರಲ್ಲಿ ಭಾಷಾಶಾಸ್ತ್ರಜ್ಞ ಕ್ರೇಗ್ ಮೆಲ್ಚರ್ಟ್ ಅವರು ಲೂವಿಯನ್‌ನಲ್ಲಿ ಮೂರೂ ಬೇರೆ ಬೇರೆಯಾಗಿಯೇ ಉಳಿದಿವೆ ಎಂದು ತೋರಿಸಿದರು: 'ಅತ್ಸುವ'ದಲ್ಲಿ ತ್ಸ, ತಲೆ ಬಾಚುವುದಕ್ಕಿರುವ 'ಕಿಸಾ' ಧಾತುವಿನಲ್ಲಿ ಕ, 'ಯಾರು' ಎಂಬರ್ಥದ 'ಕುಯಿ'ಯಲ್ಲಿ ಕ್ವ. ತ್ಸಕಾರವಾಗುವ ಈ ಬದಲಾವಣೆ ಎಲ್ಲೆಡೆ ನಡೆಯದೆ ಕೆಲವು ಧ್ವನಿಗಳ ಮುಂದೆ ಮಾತ್ರ ನಡೆದಿರಬೇಕೆಂದು ಅವರೇ ಮುಂದೆ ತಮ್ಮ ಮಾತನ್ನು ತಿದ್ದಿಕೊಂಡರು. ತಮ್ಮ ಸಿದ್ಧಾಂತವನ್ನು ತಾವೇ ಮತ್ತೆ ತೂಗಿ ನೋಡಿದ ಆ ನಡೆಗೆ ನನ್ನಲ್ಲಿ ತುಂಬ ಗೌರವವಿದೆ.

ಹಾಗಾದರೆ ಆ ಮೂಲ ಪದದ ಅರ್ಥವೇನು? ದಾರಿಯನ್ನು ವ್ಯಾಪಿಸುವುದರಿಂದ ಅಶ್ವ, ಇಲ್ಲವೇ ಬಹಳ ತಿನ್ನುವುದರಿಂದ ಅಶ್ವ ಎಂದು ಯಾಸ್ಕನ ನಿರುಕ್ತ ಎರಡು ನಿಷ್ಪತ್ತಿಗಳನ್ನು ಕೊಡುತ್ತದೆ. ಇಂದಿನ ಭಾಷಾಶಾಸ್ತ್ರಜ್ಞರಲ್ಲಿ ಹಲವರು ಇದನ್ನು 'ವೇಗವುಳ್ಳದ್ದು' ಎಂಬ ಅರ್ಥದ ಇನ್ನೊಂದು ಪದದೊಂದಿಗೆ ಸೇರಿಸುತ್ತಾರೆ. ಆ ಪದ ಗ್ರೀಕ್‌ನಲ್ಲಿ 'ಓಕುಸ್', ಸಂಸ್ಕೃತದಲ್ಲಿ 'ಆಶು'. ನಾವು ಆಶುಕವಿ, ಆಶುಭಾಷಣ ಎನ್ನುವಾಗಿನ ಆಶುವೇ ಅದು. ಎಲ್ಲರೂ ಒಪ್ಪಿದ ವ್ಯುತ್ಪತ್ತಿಯಲ್ಲವಾದರೂ ನನಗೆ ಇದು ಇಷ್ಟ. ನಮ್ಮ ದಿನಬಳಕೆಯ 'ಕುದುರೆ' ಮಾತ್ರ ಈ ಬಳಗಕ್ಕೆ ಸೇರಿದ್ದಲ್ಲ. ಅದು ತಮಿಳಿನ 'ಕುದಿರೈ'ಯ ಜೊತೆಗಾತಿ.

ಹಿಟ್ಟೈಟ್ ಭಾಷೆಯಲ್ಲಿ ಕುದುರೆಯನ್ನು ಏನೆನ್ನುತ್ತಿದ್ದರು ಎಂದು ಕೇಳಿದರೆ ಮಾತ್ರ ತಡವರಿಸಬೇಕಾಗುತ್ತದೆ. ಅಲ್ಲಿನ ಲಿಪಿಕಾರರು ಕುದುರೆ ಎಂದು ಬರೆಯಬೇಕಾದಲ್ಲೆಲ್ಲ 'ಬೆಟ್ಟದ ಕತ್ತೆ' ಎಂಬರ್ಥದ ಸುಮೇರಿಯನ್ ಗುರುತನ್ನೇ ಒತ್ತಿ, ಕೆಲವೊಮ್ಮೆ ಅದರ ಮುಂದೆ ತಮ್ಮ ಭಾಷೆಯ 'ಉಶ್' ಎಂಬ ಪ್ರತ್ಯಯವನ್ನಷ್ಟೇ ಸೇರಿಸಿದರು. ಆ ಬಾಲದಿಂದ ಪದ ಉಕಾರಾಂತವೆಂದು ತಿಳಿಯುತ್ತದೆ. ಉಳಿದ ಭಾಗವನ್ನು ವಿದ್ವಾಂಸರು ನೆರೆಯ ಲೂವಿಯನ್ನರ ಅತ್ಸುವವನ್ನು ಪಕ್ಕದಲ್ಲಿಟ್ಟುಕೊಂಡೇ ಊಹಿಸುತ್ತಾರೆ.