ದೂರ ಎಸೀಬೇಡಿ, ಮೀನು ಕಾಲಡೀಲೇ ಇರತ್ತೆ

ಪಿಯರ್ ಮೇಲೆ, ಅಂದ್ರೆ ದಡದಿಂದ ಸಮುದ್ರದೊಳಕ್ಕೆ ಕಂಬಗಳ ಮೇಲೆ ಕಟ್ಟಿರೋ ಕಟ್ಟೆ ಮೇಲೆ, ಗಾಳ ಹಾಕೋಕೆ ಹೊಸದಾಗಿ ಬಂದೋರನ್ನ ಗುರುತು ಹಿಡಿಯೋದು ಸುಲಭ. ಸೀದಾ ತುದಿವರೆಗೂ ನಡೀತಾರೆ, ರಾಡ್ ಹಿಂದಕ್ಕೆ ಬೀಸ್ತಾರೆ, ತೋಳಲ್ಲಿರೋ ಬಲವೆಲ್ಲ ಹಾಕಿ ಎಷ್ಟು ದೂರ ಹೋಗತ್ತೋ ಅಷ್ಟು ದೂರ ಎಸೀತಾರೆ. ತಮಾಷೆ ಏನಂದ್ರೆ ದೋಣೀಲಿ ಇರೋರು ಅವಕಾಶ ಸಿಕ್ಕಿದ್ರೆ ಪಿಯರ್ ಕಡೆಗೇ ಎಸೀತಾರೆ. ಇಬ್ಬರಲ್ಲಿ ಸರಿ ಇರೋದು ದೋಣಿಯವರೇ ಅಂತ ನನ್ನ ಲೆಕ್ಕ.

ಯಾಕೆ ಅಂದ್ರೆ ಸುತ್ತ ಬರೀ ಮರಳು ಇರೋ ಕಡೆ ಮೀನಿಗೆ ಅಡಗೋಕೆ ಜಾಗ ಇರಲ್ಲ. ಪಿಯರ್ ಕಂಬಗಳ ಕಥೆ ಬೇರೆ, ನೀರಲ್ಲಿ ನಿಂತ ಕಂಬಕ್ಕೆ ಮೊದಲು ಪಾಚಿ ಹಿಡಿಯತ್ತೆ, ಆಮೇಲೆ ಬಾರ್ನಕಲ್ ಅನ್ನೋ ಗಟ್ಟಿ ಚಿಪ್ಪಿನ ಪುಟ್ಟ ಜೀವಿ ಅಂಟ್ಕೊಳತ್ತೆ, ಚಿಪ್ಪಿನ ಜೀವಿಗಳು ಗೊಂಚಲು ಗೊಂಚಲಾಗಿ ಬೆಳೀತವೆ, ಅದರ ಸಂದೀಲಿ ಪುಟ್ಟ ಏಡಿ, ಸಿಗಡಿ, ಹುಳ. ಇದನ್ನೆಲ್ಲ ಕೆರೆದು ತಿನ್ನೋಕೆ ಸಣ್ಣ ಮೀನು, ಆ ಸಣ್ಣ ಮೀನು ನುಂಗೋಕೆ ದೊಡ್ಡದು. ಮೇಲಿಂದ ಬೇಸಿಗೆ ಬಿಸಿಲಿಗೆ ನೆರಳೂ ಸಿಗತ್ತೆ. ಇಷ್ಟೆಲ್ಲ ಸೌಕರ್ಯ ನಿಮ್ಮ ಚಪ್ಪಲಿ ಕೆಳಗೇ ಇರೋವಾಗ ನೂರು ಅಡಿ ಆಚೆ ಖಾಲಿ ಮರಳಿಗೆ ಎರೆ ಕಳಿಸೋದು ಯಾಕೆ ಹೇಳಿ?

ಕಂಬದ ಪಕ್ಕ ಇಳಿಬಿಡೋ ವಿಧಾನ ತುಂಬಾ ಸರಳ. ಎಸೆಯೋದೇ ಬೇಡ, ಸ್ಪೂಲ್ (ರೀಲಿನಲ್ಲಿ ದಾರ ಸುತ್ತಿರೋ ಉರುಳೆ) ಬಿಟ್ಟು ಸೀಸದ ಗುಂಡು ತಳ ಮುಟ್ಟೋವರೆಗೂ ನೇರ ಇಳಿಸಿ, ಮುಟ್ಟಿದ್ಮೇಲೆ ಒಂದು ಗೇಣು ಮೇಲೆತ್ತಿ ಅಲ್ಲೇ ಹಿಡೀರಿ. ಸ್ವಲ್ಪ ಹೊತ್ತು ಏನೂ ಆಗಲಿಲ್ಲ ಅಂದ್ರೆ ಒಂದು ಮಾರು ಮೇಲೆ ತನ್ನಿ, ಇನ್ನೂ ಇಲ್ಲ ಅಂದ್ರೆ ಪಕ್ಕದ ಕಂಬಕ್ಕೆ ನಡೀರಿ. ಬೇರೆ ಕಡೆ ಕೂತು ಕಾಯೋದು ಸರಿ, ಇಲ್ಲಿ ಓಡಾಡೋರಿಗೇ ಮೀನು ಜಾಸ್ತಿ ಸಿಗತ್ತೆ. ಒಂದೇ ಎಚ್ಚರ, ಬಾರ್ನಕಲ್ ಬ್ಲೇಡ್ ಥರ ಹರಿತ. ಬ್ರೇಡೆಡ್ (ಎಳೆ ಹೆಣೆದ) ದಾರ ಎಳೆಯೋಕೆ ಎಷ್ಟೇ ಗಟ್ಟಿ ಅಂದ್ರೂ ಟೈಟಾಗಿರೋವಾಗ ಅದಕ್ಕೆ ಉಜ್ಜಿದ್ರೆ ಪಟ್ ಅಂತ ಹೋಗತ್ತೆ, ಅದಕ್ಕೇ ತುದೀಲಿ ಒಂದೆರಡು ಮಾರು ದಪ್ಪ ನೈಲಾನ್ ಅಥವಾ ಫ್ಲೂರೋಕಾರ್ಬನ್ ದಾರ, ಅಂದ್ರೆ ಲೀಡರ್, ಕಟ್ಟಿರಬೇಕು. ಮೀನು ಕಚ್ಚಿದ ಮೊದಲ ಕ್ಷಣದಲ್ಲೇ ಅದನ್ನ ಕಂಬದಿಂದ ಈಚೆಗೆ ತಿರುಗಿಸಬೇಕು, ಒಂದ್ಸಲ ಕಂಬ ಸುತ್ತಿ ಆಚೆ ಹೋಯ್ತು ಅಂದ್ರೆ ಆಮೇಲೆ ನೀವು ಎಳೀತಿರೋದು ಕಂಬಾನ, ಮೀನನ್ನಲ್ಲ.

ಹಾಗಂತ ದೂರ ಎಸೆಯೋದೇ ತಪ್ಪು ಅಂತಲ್ಲ. ಬಂಗುಡೆ ಥರದ ಮೀನು ಗುಂಪಾಗಿ ಮೇಲ್ನೀರಲ್ಲಿ ಓಡಾಡ್ತವೆ, ಹಕ್ಕಿಗಳು ಒಂದೇ ಜಾಗಕ್ಕೆ ಮುಳುಗಿ ಮುಳುಗಿ ಏಳ್ತಿದ್ರೆ ಕಣ್ಮುಚ್ಕೊಂಡು ಅಲ್ಲಿಗೆ ಎಸೀರಿ. ಆದ್ರೆ ಎಲ್ಲರೂ ದಾಟ್ಕೊಂಡು ಹೋಗೋ ಇನ್ನೊಂದು ಜಾಗ ಇದೆ, ದಡದ ಹತ್ರ ಅಲೆ ಒಡೆಯೋ ಭಾಗ. ಅಲೆ ಬಿದ್ದು ಬಿದ್ದು ಅಲ್ಲಿ ತಳದಲ್ಲಿ ದಡಕ್ಕೆ ಸಮಾನಾಂತರವಾಗಿ ಒಂದು ಹಳ್ಳ ಕೊರೆದಿರತ್ತೆ, ಮರಳಿಂದ ಕೆದರಿ ಎದ್ದಿರೋ ಏಡಿಮರಿ ಹುಳ ಎಲ್ಲ ಅದರಲ್ಲಿ ಸೇರತ್ತೆ, ಹಿಂದೇನೇ ಮೀನು ಬರತ್ತೆ. ನೀರು ಸೊಂಟದುದ್ದ ಇದ್ರೂ ಸಾಕು. ತುದೀಲಿ ಭುಜಕ್ಕೆ ಭುಜ ತಾಗಿಸ್ಕೊಂಡು ನಿಂತಿರೋರು ಇದನ್ನ ನೋಡೋದೇ ಇಲ್ಲ, ನಂಗಂತೂ ಅದರಿಂದ ಅನುಕೂಲವೇ.

ಈಗ ಟೈಮಿನ ವಿಷಯ. ರಜೆ ಇದೆ ಅಂತ ಬೇಸಿಗೇಲಿ ಮಧ್ಯಾಹ್ನ ಹನ್ನೆರಡಕ್ಕೆ ಬಂದು ನಿಂತು ಮೀನೇ ಇಲ್ಲ ಅನ್ನೋರನ್ನ ಕಂಡ್ರೆ ನಂಗೆ ನಗು ಬರತ್ತೆ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗೋ ಆಮ್ಲಜನಕ ಕಮ್ಮಿ ಆಗತ್ತೆ, ಸಮುದ್ರದ ನೀರು 20 ಡಿಗ್ರಿ ಇದ್ದಾಗ ಲೀಟರ್‌ಗೆ ಸುಮಾರು 7.4 ಮಿಲಿಗ್ರಾಂ ಹಿಡಿಯತ್ತೆ, 30 ಡಿಗ್ರಿಗೆ ಬಂದ್ರೆ ಸುಮಾರು 6.2. ಅದೇ ಹೊತ್ತಿಗೆ ಬಿಸಿ ನೀರಲ್ಲಿ ಮೀನಿನ ಮೈಗೆ ಆಮ್ಲಜನಕ ಇನ್ನೂ ಜಾಸ್ತಿ ಬೇಕು. ಆದಾಯ ಇಳಿದು ಖರ್ಚು ಏರಿದಾಗ ಯಾರು ಓಡಾಡ್ತಾರೆ, ಆಳದಲ್ಲೋ ನೆರಳಲ್ಲೋ ಸುಮ್ನೆ ಬಿದ್ದಿರ್ತವೆ. ಬೆಳಕು ಹರಿಯೋ ಮುಂಚೆ, ಸೂರ್ಯ ಮುಳುಗಿದ್ಮೇಲೆ, ಇವೆರಡೇ ಬೇಸಿಗೆಯ ಒಳ್ಳೇ ಹೊತ್ತು.

ಗಡಿಯಾರಕ್ಕಿಂತ ಮುಖ್ಯ ಭರತ ಇಳಿತ. ಹೆಚ್ಚಿನ ಕಡಲತೀರಗಳಲ್ಲಿ ಒಂದು ಭರತದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ, ಅದಕ್ಕೇ ದಿನಾ ಸುಮಾರು 50 ನಿಮಿಷ ತಡವಾಗ್ತಾ ಹೋಗತ್ತೆ, ನಿನ್ನೆ ಆರಕ್ಕೆ ಸಿಕ್ತು ಅಂತ ಇವತ್ತೂ ಆರಕ್ಕೇ ಬಂದ್ರೆ ಲೆಕ್ಕ ತಪ್ಪತ್ತೆ. ನೀರು ಏರೋದೂ ಒಂದೇ ವೇಗದಲ್ಲಲ್ಲ. ಆರು ಗಂಟೆ ಏರತ್ತೆ ಅಂತಿಟ್ಕೊಂಡ್ರೆ ಒಟ್ಟು ಏರಿಕೆಯನ್ನ 12 ಪಾಲು ಮಾಡಿ, ಮೊದಲ ಗಂಟೇಲಿ 1 ಪಾಲು, ಎರಡನೇದರಲ್ಲಿ 2, ಮೂರು ನಾಲ್ಕನೇ ಗಂಟೇಲಿ ಮೂರ್ಮೂರು, ಆಮೇಲೆ 2, ಕೊನೇಗೆ 1. ಅಂದ್ರೆ ಅರ್ಧ ನೀರು ನಡುವಿನ ಎರಡು ಗಂಟೇಲೇ ಓಡಾಡತ್ತೆ. ಇದು ಅಂದಾಜು ಲೆಕ್ಕ, ಆದ್ರೂ ಯಾವಾಗ ರಾಡ್ ಕೈಯಲ್ಲಿರಬೇಕು, ಯಾವಾಗ ತಿಂಡಿ ಡಬ್ಬಿ ತೆಗೀಬಹುದು ಅಂತ ತಿಳ್ಕೊಳೋಕೆ ಸಾಕು. ಓಡೋ ನೀರು ಎಲ್ಲಾ ಹೊತ್ಕೊಂಡು ಬರತ್ತೆ, ಮೀನು ಕಂಬದ ಮರೇಲಿ ನಿಂತು ಬಂದಿದ್ದನ್ನ ಹಿಡ್ಕೊಳತ್ತೆ, ನೀರು ನಿಂತ್ರೆ ಕಚ್ಚೋದೂ ನಿಲ್ಲತ್ತೆ. ಅಮಾವಾಸ್ಯೆ ಹುಣ್ಣಿಮೆ ಆಸುಪಾಸಲ್ಲಿ ಸೆಳೆತ ಜೋರು, ಅಷ್ಟಮಿ ಹತ್ರ ಮಂದ. ಸೆಳೆತ ತೀರಾ ಜಾಸ್ತಿ ಆದ್ರೆ ಗುಂಡು ತಳದಲ್ಲಿ ನಿಲ್ಲೋದೇ ಇಲ್ಲ, ಪಕ್ಕದವರ ದಾರಕ್ಕೆ ಹೋಗಿ ಸುತ್ಕೊಳತ್ತೆ, ಅಂಥ ದಿನ ತೂಕದ್ದು ಒಂದೆರಡು ಎಕ್ಸ್‌ಟ್ರಾ ಇಟ್ಕೊಂಡಿರಿ.

ರಾತ್ರಿ ಲೈಟ್ ಇರೋ ಪಿಯರ್ ಆದ್ರೆ ಮಜಾನೇ ಬೇರೆ. ಬೆಳಕಿಗೆ ನೀರಲ್ಲಿರೋ ಸೂಕ್ಷ್ಮ ಜೀವಿಗಳು ಸೇರ್ತವೆ, ಅದಕ್ಕೆ ಮರಿಮೀನು, ಬೊಂಡಾಸೂ (ಸ್ಕ್ವಿಡ್) ಬರತ್ತೆ. ಎಲ್ಲರೂ ಆ ಬೆಳಕಿನ ವೃತ್ತದ ನಟ್ಟನಡುವಿಗೆ ಬಿಡ್ತಾರೆ, ಆದ್ರೆ ಬೇಟೆ ಆಡೋ ಮೀನು ನಿಂತಿರೋದು ಬೆಳಕು ಕತ್ತಲು ಸೇರೋ ಅಂಚಿನ ಕತ್ತಲೆ ಕಡೆ. ಎರೆ ಆ ಗೆರೆ ದಾಟೋ ಹಾಗೆ ನಿಧಾನಕ್ಕೆ ಎಳೀರಿ.

ಎರೆ ಬಗ್ಗೆ ಜಾಸ್ತಿ ಹೇಳೋಕಿಲ್ಲ. ಸಿಗಡಿ, ಬೊಂಡಾಸಿನ ಚೂರು, ಬೂತಾಯಿ ತುಂಡು, ಯಾವುದಾದ್ರೂ ನಡೆಯತ್ತೆ, ಬಿಸಿಲಲ್ಲಿ ಮೆತ್ತಗಾಗಿ ಕೊಕ್ಕೆಯಿಂದ ಜಾರೋದೇ ತೊಂದರೆ, ಹಿಂದಿನ ರಾತ್ರಿ ಕಲ್ಲುಪ್ಪು ಹಾಕಿಟ್ರೆ ನೀರು ಬಿಟ್ಟು ಗಟ್ಟಿಯಾಗತ್ತೆ. ಸರ್ಕಲ್ ಹುಕ್ (ತುದಿ ಒಳಕ್ಕೆ ಬಾಗಿರೋ ದುಂಡು ಕೊಕ್ಕೆ) ಬಳಸೋದಾದ್ರೆ ಕಚ್ಚಿದ ತಕ್ಷಣ ಜಗ್ಗಬೇಡಿ, ಸುಮ್ನೆ ಸುತ್ತೋಕೆ ಶುರು ಮಾಡಿ, ಅದೇ ತಿರುಗಿ ಬಾಯಿ ಮೂಲೇಲಿ ಕೂರತ್ತೆ. ಮೀನು ನುಂಗಿ ಹೊಟ್ಟೇಲಿ ಸಿಕ್ಕಿಸ್ಕೊಳೋದು ಕಮ್ಮಿ, ಹಾಗಾಗಿ ವಾಪಸ್ ಬಿಟ್ರೆ ಬದುಕೋ ಸಾಧ್ಯತೆ ಜಾಸ್ತಿ.

ಪಿಯರ್ ಮೇಲೆ ಜನ ಮೀನು ಕಳ್ಕೊಳೋದು ಹೆಚ್ಚಾಗಿ ನೀರಲ್ಲಲ್ಲ, ಗಾಳೀಲಿ. ನೀರಲ್ಲಿ ಮೀನಿನ ಭಾರ ಬಹುತೇಕ ನೀರೇ ಹೊರತ್ತೆ, ತಲೆ ಮೇಲೆ ಬಂದ ಕ್ಷಣದಿಂದ ಪೂರ್ತಿ ತೂಕ, ಜೊತೆಗೆ ಅದರ ಒದ್ದಾಟ, ಎಲ್ಲಾ ಆ ತೆಳು ದಾರದ ಮೇಲೆ, ಬಾಯಲ್ಲಿ ಕೊಕ್ಕೆ ಹಿಡಿದಿರೋ ಆ ಚೂರು ಚರ್ಮದ ಮೇಲೆ. ಇಪ್ಪತ್ತಡಿ ಮೇಲೆ ನಿಂತು ರಾಡಲ್ಲೇ ಎತ್ತೋಕೆ ಹೋದ್ರೆ ಅರ್ಧ ದಾರೀಲಿ ಪಿಚಕ್, ಇಲ್ಲ ರಾಡಿನ ತುದಿ ಮುರಿಯತ್ತೆ. ಇದಕ್ಕೆ ಬಳೆ ಕಟ್ಟಿದ ಬಲೆ ಬೇಕು, ಹಗ್ಗ ಕಟ್ಟಿ ಇಳಿಬಿಡೋದು. ಮೊದಲು ಮೀನನ್ನ ಪೂರ್ತಿ ಸುಸ್ತು ಮಾಡಿ, ಬಲೆ ನೀರೊಳಗೆ ಮುಳುಗಿರಲಿ, ಆಮೇಲೆ ಮೀನನ್ನ ತಲೆ ಮುಂದಾಗಿ ಅದರ ಮೇಲೆ ತನ್ನಿ, ಬಲೆ ಹಿಡಿದೋರು ಆಗ ಎತ್ತಲಿ. ಬಲೇನ ಮೀನಿನ ಹಿಂದೆ ಅಟ್ಟಿಸ್ಕೊಂಡು ಹೋದ್ರೆ ಅದು ಹೆದರಿ ಮತ್ತೆ ಕಂಬದ ಕಡೆ ನುಗ್ಗತ್ತೆ. ಒಬ್ಬರಿಂದ ಇದು ಕಷ್ಟ, ಪರಿಚಯ ಇಲ್ಲದೋರೂ ಬಂದು ಬಲೆ ಹಿಡೀತಾರೆ, ಅವರಿಗೆ ದೊಡ್ಡದು ಸಿಕ್ಕಾಗ ನೀವು ನಿಮ್ಮ ದಾರ ಮೇಲೆತ್ತಿ ದಾರಿ ಬಿಡಿ ಅಷ್ಟೇ. ಎಸೆಯೋ ಮುಂಚೆ ಹಿಂದೆ ತಿರುಗಿ ನೋಡೋದು ಮಾತ್ರ ಯಾರೂ ಹೇಳಿಸ್ಕೊಳ್ದೇ ಮಾಡಬೇಕು, ಪಿಯರ್ ಮೇಲೆ ಮಕ್ಕಳು ಓಡಾಡ್ತಿರ್ತಾರೆ.

ಗಾಳಕ್ಕೆ ಹಕ್ಕಿ ಸಿಕ್ಕಿಹಾಕ್ಕೊಂಡ್ರೆ ಗಾಬರೀಲಿ ದಾರ ಕತ್ತರಿಸೋರು ಇದ್ದಾರೆ, ಅದು ತಪ್ಪು. ಆ ದಾರ ಎಳ್ಕೊಂಡು ಹೋಗಿ ಎಲ್ಲೋ ಸುತ್ಕೊಂಡು ಸಾಯತ್ತೆ. ನಿಧಾನಕ್ಕೆ ಬಲೇಲಿ ಮೇಲೆ ತಂದು, ಬಟ್ಟೇಲಿ ಕಣ್ಣು ಮುಚ್ಚಿ, ಕೊಕ್ಕೆಯ ಮುಳ್ಳು ಕತ್ತರಿಸಿ ತೆಗೀಬೇಕು.

ಬಂದ ಮೀನನ್ನೆಲ್ಲ ಬರಿಗೈಲಿ ಹಿಡೀಬೇಡಿ. ಬೆಕ್ಕುಮೀನಿನ ಬೆನ್ನಲ್ಲಿ, ಎರಡೂ ಪಕ್ಕದಲ್ಲಿ ವಿಷದ ಮುಳ್ಳಿರತ್ತೆ, ತೊರಕೆ (ಸ್ಟಿಂಗ್‌ರೇ) ಬಾಲದಲ್ಲೂ ಇದೆ. ಚುಚ್ಚಿದ್ರೆ ಐಸ್ ಅಲ್ಲ, ಬಿಸಿ ನೀರು, ಚರ್ಮ ಸುಡದಷ್ಟು, ಸುಮಾರು 45 ಡಿಗ್ರಿ ಮೀರದ ಹಾಗೆ ಅರ್ಧ ಗಂಟೆಯಿಂದ ಒಂದೂವರೆ ಗಂಟೆವರೆಗೂ ಮುಳುಗಿಸಿಡಿ, ನೋವು ಇಳಿಯತ್ತೆ, ಆದ್ರೂ ಡಾಕ್ಟರ್ ಹತ್ರ ಹೋಗಿ. ಉಬ್ಬಿ ಚೆಂಡಾಗೋ ಮೀನು ಬಂದ್ರೆ ವಾಪಸ್ ಬಿಡಿ, ಅದರ ವಿಷ ಬೇಯಿಸಿದ್ರೂ ಹೋಗಲ್ಲ. ಗುಡುಗು ಕೇಳಿಸ್ತು ಅಂದ್ರೆ ಎಲ್ಲಾ ಬಿಟ್ಟು ಇಳೀರಿ, ಕಾರ್ಬನ್ ರಾಡ್ ಕರೆಂಟ್ ಹರಿಸತ್ತೆ, ಕೊನೇ ಗುಡುಗಾಗಿ ಅರ್ಧ ಗಂಟೆ ಆಗೋವರೆಗೂ ಮೇಲೆ ಹೋಗಬೇಡಿ.

ಇಟ್ಕೊಳೋ ಮೀನನ್ನ ಬಕೆಟ್ಟಲ್ಲಿ ಬಿಸಿಲಿಗೆ ಬಿಡೋದು ನಂಗೆ ಸ್ವಲ್ಪಾನೂ ಹಿಡಿಸಲ್ಲ. ಬಂಗುಡೆ ಬೂತಾಯಿ ಜಾತಿ ಮೀನು ಬೆಚ್ಚಗೆ ಬಿದ್ದಿದ್ರೆ ಬ್ಯಾಕ್ಟೀರಿಯಾ ಅದರಲ್ಲಿ ಹಿಸ್ಟಮಿನ್ ಅನ್ನೋ, ಅಲರ್ಜಿ ಥರ ತೊಂದರೆ ಕೊಡೋ ರಾಸಾಯನಿಕ ಹುಟ್ಟಿಸ್ತವೆ, ವಾಸನೆ ನೋಡಿದ್ರೆ ಗೊತ್ತಾಗದೇ ಇರಬಹುದು, ಬೇಯಿಸಿದ್ರೂ ಹೋಗಲ್ಲ, ತಿಂದೋರಿಗೆ ಮುಖ ಕೆಂಪಾಗಿ ತಲೆ ಸಿಡಿಯತ್ತೆ. ಐಸಿಗೆ ಒಂದಿಷ್ಟು ಸಮುದ್ರದ ನೀರು ಸೇರಿಸಿ ಗೊಜ್ಜಿನ ಹದಕ್ಕೆ ಮಾಡ್ಕೊಂಡ್ರೆ ಮೀನಿನ ಮೈಗೆ ಪೂರ್ತಿ ತಾಗಿ ಬರೀ ಐಸಿಗಿಂತ ಬೇಗ ತಣಿಯತ್ತೆ. ವಾಪಸ್ ಬಿಡೋದನ್ನ ಬೇಗ ಬಿಡಿ, ಬಿಸಿ ನೀರಲ್ಲಿ ಹೋರಾಡಿ ಸುಸ್ತಾದ ಮೀನಿಗೆ ಫೋಟೋ ಸೆಷನ್ ತಡೆಯೋ ಶಕ್ತಿ ಇರಲ್ಲ.

ಮನೆಗೆ ಬಂದ್ಮೇಲೆ ರೀಲ್ ತೊಳೆಯೋದಿದೆ. ಪೈಪಲ್ಲಿ ಜೋರಾಗಿ ಬಿಟ್ರೆ ಉಪ್ಪು ಇನ್ನೂ ಒಳಗೆ ಹೋಗತ್ತೆ, ಅದಕ್ಕೇ ಡ್ರ್ಯಾಗ್ (ದಾರ ಎಷ್ಟು ಬಿಗಿಯಾಗಿ ಬಿಚ್ಚಬೇಕು ಅಂತ ಹೊಂದಿಸೋ ತಿರುಪು) ಟೈಟ್ ಮಾಡಿ, ಸಿಹಿನೀರನ್ನ ಮೇಲಿಂದ ಸಣ್ಣಗೆ ಬಿಟ್ಟು, ಒರೆಸಿ, ಆಮೇಲೆ ಡ್ರ್ಯಾಗ್ ಲೂಸ್ ಮಾಡಿ ನೆರಳಲ್ಲಿ ಒಣಗೋಕೆ ಇಡಿ.