ದ್ರಾಕ್ಷಿತೋಟಗಳು ಕಾಯ್ದ ಊರುಗಳು

ಇಟಲಿಗೆ ಹೋಗಿಬರುವ ಬೆಂಗಳೂರಿಗರಲ್ಲಿ ಹೆಚ್ಚಿನವರು ರೋಮ್, ಫ್ಲಾರೆನ್ಸ್, ವೆನಿಸ್ ನೋಡಿ ಹಿಂತಿರುಗುತ್ತಾರೆ. ನನ್ನನ್ನು ಕೇಳಿದರೆ, ಆ ಮೂರರಲ್ಲಿ ಒಂದನ್ನು ಬಿಟ್ಟಾದರೂ ಟಸ್ಕನಿಯ ದಕ್ಷಿಣದಲ್ಲಿರುವ ಸಿಯೆನಾ ಸೀಮೆಯ ಹಳ್ಳಿಗಾಡಿಗೆ ಕೆಲವು ದಿನ ತೆಗೆದಿಡಿ ಎನ್ನುತ್ತೇನೆ. ಕಳೆದ ಅಕ್ಟೋಬರಿನಲ್ಲಿ ನಾನೂ ನನ್ನ ಪತಿಯೂ ಸಿಯೆನಾ, ಮೊಂಟಾಲ್ಚೀನೊ, ಪಿಯೆಂಜಾ, ಮೊಂಟೆಪುಲ್ಚಾನೊ ಊರುಗಳನ್ನು ನಿಧಾನವಾಗಿ ಸುತ್ತಿದೆವು. ಆರೇಳು ನೂರು ವರ್ಷ ಹಳೆಯ ಊರು, ಅದರ ಕೋಟೆಗೋಡೆ, ಗೋಡೆಯ ಕೆಳಗೇ ಶುರುವಾಗುವ ಹೊಲ, ಇವು ಮೂರೂ ಒಟ್ಟಿಗೆ ಉಳಿದದ್ದಾದರೂ ಹೇಗೆ ಎಂಬ ಪ್ರಶ್ನೆ ಅಲ್ಲಿದ್ದಷ್ಟು ದಿನವೂ ನನ್ನನ್ನು ಬಿಡಲಿಲ್ಲ. ದೇವನಹಳ್ಳಿ, ದೊಡ್ಡಬಳ್ಳಾಪುರದ ಕಡೆಯ ದ್ರಾಕ್ಷಿ ಚಪ್ಪರಗಳು ಒಂದೊಂದಾಗಿ ಲೇಔಟುಗಳಾಗುವುದನ್ನು ಕಣ್ಣಾರೆ ಕಂಡವರಿಗೆ ಈ ಪ್ರಶ್ನೆ ತಾನಾಗಿಯೇ ಹುಟ್ಟುತ್ತದೆ.

ಉತ್ತರದ ಅರ್ಧಭಾಗ ಇರುವುದು ದುರದೃಷ್ಟದಲ್ಲಿ. 1348ರ ಪ್ಲೇಗು ಸಿಯೆನಾದ ಜನಸಂಖ್ಯೆಯ ಬಹುಪಾಲನ್ನು ನುಂಗಿತು. ಆಗ ಅಲ್ಲಿನವರು ತಮ್ಮ ಕೆಥೆಡ್ರಲ್ಲನ್ನು ಇನ್ನೂ ದೊಡ್ಡದಾಗಿ ಹಿಗ್ಗಿಸುವ ಕೆಲಸದಲ್ಲಿದ್ದರು. ಆ ಕೆಲಸ ಅಲ್ಲಿಗೇ ನಿಂತಿತು. ಚಾವಣಿ ಕಾಣದ ಆ ಭಾಗದ ಒಂಟಿ ಮುಖಗೋಡೆ ಇಂದಿಗೂ ಹಾಗೆಯೇ ನಿಂತಿದೆ, ಅದರ ನೆತ್ತಿಯವರೆಗೆ ಮೆಟ್ಟಿಲು ಹತ್ತಬಹುದು. ಮುಂದೆ 1555ರಲ್ಲಿ ದೀರ್ಘ ಮುತ್ತಿಗೆಯ ನಂತರ ಸಿಯೆನಾ ಶರಣಾಯಿತು. ಸೋಲೊಪ್ಪದ ಕೆಲವರು ಮೊಂಟಾಲ್ಚೀನೊ ಬೆಟ್ಟವೇರಿ 1559ರವರೆಗೂ ತಮ್ಮ ಗಣರಾಜ್ಯದ ಹೆಸರನ್ನು ಅಲ್ಲಿ ಜೀವಂತವಾಗಿಟ್ಟರು. ಆಮೇಲೆ ಈ ಸೀಮೆ ಫ್ಲಾರೆನ್ಸಿನ ಮೆಡಿಚಿ ಮನೆತನದ ಅಧೀನಕ್ಕೆ ಬಂದು ಶತಮಾನಗಳ ಕಾಲ ಬಡವಾಗಿಯೇ ಉಳಿಯಿತು. ಹಳೆಯದನ್ನು ಕೆಡವಿ ಹೊಸದನ್ನು ಕಟ್ಟಲು ಯಾರ ಬಳಿಯೂ ಹಣವಿರಲಿಲ್ಲ. ಉತ್ತರಕ್ಕಿರುವ ಸಾನ್ ಜಿಮಿನ್ಯಾನೊದ ಕತೆಯೂ ಹೀಗೆಯೇ. ಸಿರಿವಂತ ಮನೆತನಗಳು ಪೈಪೋಟಿಯಿಂದ ಎತ್ತಿದ 72 ಗೋಪುರಗಳಲ್ಲಿ 14 ಉಳಿದಿವೆ.

ಸಿಯೆನಾದಲ್ಲಿ ನಾನು ಬಹಳ ಹೊತ್ತು ಕಳೆದದ್ದು ಪುರಭವನದ ಒಂದು ಕೋಣೆಯಲ್ಲಿ. ಊರನ್ನಾಳುತ್ತಿದ್ದ ಒಂಬತ್ತು ಮಂದಿ ಸಭೆ ಸೇರುತ್ತಿದ್ದ ಆ ಕೋಣೆಯ ಗೋಡೆಗಳ ಮೇಲೆ ಅಂಬ್ರೋಜೊ ಲೊರೆಂಜೆಟ್ಟಿ 1338-39ರಲ್ಲಿ ಒಳ್ಳೆಯ ಆಡಳಿತದ ಮತ್ತು ಕೆಟ್ಟ ಆಡಳಿತದ ಪರಿಣಾಮಗಳನ್ನು ಚಿತ್ರಿಸಿದ. ಒಳ್ಳೆಯ ಆಡಳಿತದ ಗೋಡೆಯಲ್ಲಿ ಅರ್ಧ ಪಟ್ಟಣ, ಇನ್ನರ್ಧ ಹಳ್ಳಿಗಾಡು. ನಡುವೆ ತೆರೆದ ಊರಬಾಗಿಲು. ಒಬ್ಬ ರೈತ ಹೆಗಲ ಬಳಿ ಬಿಳಿ ಪಟ್ಟಿಯಿರುವ ಹಂದಿಯನ್ನು ಏರುದಾರಿಯಲ್ಲಿ ಪಟ್ಟಣದ ಕಡೆಗೆ ಹೊಡೆದುಕೊಂಡು ಬರುತ್ತಿದ್ದಾನೆ, ಕೆಳಗೆ ಧಾನ್ಯ ಬಡಿಯುತ್ತಿದ್ದಾರೆ, ಆಚೆಗೆ ದಿಬ್ಬದ ಮೇಲೆ ದಿಬ್ಬ. ಇವೆಲ್ಲದರ ಮೇಲೆ ತೇಲುತ್ತಿರುವ ಭದ್ರತೆಯ ದೇವತೆಯ ಒಂದು ಕೈಯಲ್ಲಿ ಬರಹದ ಸುರುಳಿ, ಇನ್ನೊಂದರಲ್ಲಿ ನೇಣುಗಂಬ! ಪಟ್ಟಣವನ್ನು ಆಳುವುದೆಂದರೆ ಅದರ ಹೊಲಗಳನ್ನೂ ಆಳುವುದು ಎಂಬುದನ್ನು ಇಷ್ಟು ನೇರವಾಗಿ ಹೇಳುವ ಇನ್ನೊಂದು ಚಿತ್ರವನ್ನು ನಾನು ನೋಡಿಲ್ಲ. ಮರುದಿನ ಬಸ್ಸಿನಲ್ಲಿ ದಕ್ಷಿಣಕ್ಕೆ ಹೊರಟಾಗ ಕಿಟಕಿಯಾಚೆ ಕಂಡದ್ದೂ ಅದೇ ದಿಬ್ಬಗಳು. ವಾಲ್ ದೋರ್ಚಾ ಎಂಬ ಈ ಕಣಿವೆಯನ್ನು ಯುನೆಸ್ಕೊ 2004ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಯಾವುದೋ ಒಂದು ಕಟ್ಟಡಕ್ಕಾಗಿ ಅಲ್ಲ, ಉತ್ತು ಬಿತ್ತಿದ ನೆಲದ ರೂಪಕ್ಕಾಗಿ.

ಪಿಯೆಂಜಾ ತೀರಾ ಪುಟ್ಟ ಊರು. 1405ರಲ್ಲಿ ಇಲ್ಲಿ ಹುಟ್ಟಿ ಮುಂದೆ ಎರಡನೆಯ ಪಯಸ್ ಎಂಬ ಹೆಸರಿನಿಂದ ಪೋಪ್ ಆದವನು ವಾಸ್ತುಶಿಲ್ಪಿ ಬೆರ್ನಾರ್ಡೊ ರೊಸೆಲ್ಲಿನೊನ ಕೈಯಲ್ಲಿ 1459ರಿಂದ ತನ್ನ ಹಳ್ಳಿಯನ್ನೇ ಮಾದರಿ ಪಟ್ಟಣವಾಗಿ ಕಟ್ಟಿಸಿದ. ಅವನ ಅರಮನೆಯ ಹಿಂಬದಿಯಲ್ಲಿ ಮೂರು ಅಂತಸ್ತಿನ ಮೊಗಸಾಲೆಯಿದೆ. ಅದು ತೆರೆದುಕೊಳ್ಳುವುದು ಕಣಿವೆಗೂ ಅದರಾಚೆಯ ಅಮಿಯಾಟಾ ಬೆಟ್ಟಕ್ಕೂ. ಬೀದಿಗೆ ಮುಖ ಮಾಡಿ ಠೀವಿ ತೋರುವ ಅರಮನೆಗಳ ಕಾಲದಲ್ಲಿ ಹೊಲಗಳ ನೋಟಕ್ಕೆಂದೇ ಒಂದು ಮಗ್ಗುಲನ್ನು ಮೀಸಲಿಟ್ಟ ಅವನ ಅಭಿರುಚಿ ನನಗೆ ಬಹಳ ಹಿಡಿಸಿತು.

ನನ್ನ ಪ್ರಶ್ನೆಗೆ ಉತ್ತರದ ಇನ್ನರ್ಧ ಸಿಕ್ಕಿದ್ದು ಮೊಂಟಾಲ್ಚೀನೊದಲ್ಲಿ. ಇಪ್ಪತ್ತನೆಯ ಶತಮಾನದ ನಡುಭಾಗದವರೆಗೂ ಇಲ್ಲಿನ ಬೇಸಾಯ ನಡೆದದ್ದು ಅರೆಪಾಲಿನ ಗೇಣಿಯ ಮೇಲೆ. ಬೆಳೆಯಲ್ಲಿ ಅರ್ಧ ಒಡೆಯನಿಗೆ, ಅರ್ಧ ಗೇಣಿದಾರನಿಗೆ. ಒಂದೇ ಹೊಲದಲ್ಲಿ ಗೋಧಿಯೂ ಆಲಿವ್ ಮರವೂ ಮೇಪಲ್ ಮರಕ್ಕೆ ಹಬ್ಬಿಸಿದ ದ್ರಾಕ್ಷಿಯೂ ಇರುತ್ತಿದ್ದವು. ಯುದ್ಧಾನಂತರ ಜನ ಕಾರ್ಖಾನೆಗಳನ್ನರಸಿ ನಗರಗಳಿಗೆ ಹೊರಟರು, 1964ರ ಕಾನೂನು ಹೊಸ ಅರೆಪಾಲಿನ ಒಪ್ಪಂದಗಳನ್ನು ನಿಷೇಧಿಸಿತು, ಕಲ್ಲಿನ ತೋಟದ ಮನೆಗಳು ಪಾಳುಬಿದ್ದವು. ನಮ್ಮ ಕಡೆಯಾಗಿದ್ದರೆ ನೆಲ ಆಗಲೇ ಮಾರಾಟವಾಗಿ ಸೈಟುಗಳಾಗುತ್ತಿತ್ತು. ಅಲ್ಲಿ ಹಾಗಾಗದಂತೆ ತಡೆದದ್ದರಲ್ಲಿ ದ್ರಾಕ್ಷಿಯ ಪಾಲು ದೊಡ್ಡದು. 1966ರಲ್ಲಿ ಇಲ್ಲಿನ ಕೆಂಪು ವೈನಿನ ಬ್ರುನೆಲ್ಲೊ ಎಂಬ ಹೆಸರಿಗೆ ಕಾನೂನಿನ ರಕ್ಷಣೆ ದೊರೆಯಿತು, ಮರುವರ್ಷ ಬೆಳೆಗಾರರು ತಮ್ಮದೇ ಒಕ್ಕೂಟ ಕಟ್ಟಿಕೊಂಡರು, 1980ರಲ್ಲಿ ಆ ವೈನಿಗೆ ಇಟಲಿಯ ಅತ್ಯುನ್ನತ ದರ್ಜೆ ಸಿಕ್ಕಿತು. ನಿಯಮಗಳು ಬಿಗಿಯಾಗಿವೆ: ಸಾಂಜೊವೇಸೆ ತಳಿಯ ಹೊರತು ಬೇರೆ ದ್ರಾಕ್ಷಿ ಬೆರೆಸುವಂತಿಲ್ಲ, ಹೆಕ್ಟೇರಿಗೆ 8 ಟನ್ನಿಗಿಂತ ಹೆಚ್ಚು ಇಳುವರಿ ತೆಗೆಯುವಂತಿಲ್ಲ, ಕನಿಷ್ಠ ಎರಡು ವರ್ಷ ಮರದ ಪೀಪಾಯಿಯಲ್ಲಿಡಬೇಕು, ಬಾಟಲಿಗೆ ತುಂಬುವುದೂ ಅದೇ ಸೀಮೆಯೊಳಗೇ ಆಗಬೇಕು, ಕೊಯ್ಲಾದ ಐದನೆಯ ವರ್ಷದ ಜನವರಿಗೆ ಮೊದಲು ಮಾರುವಂತಿಲ್ಲ. ಇಷ್ಟಾದ ಮೇಲೆ ಆ ಹೆಸರು ಆ ನೆಲವನ್ನು ಬಿಟ್ಟು ಹೋಗಲಾರದು. ಹಾಗಾಗಿ ಆ ನೆಲವನ್ನು ಬೇರೆಯದಕ್ಕೆ ಮಾರಿಬಿಡುವ ಅಗತ್ಯ ಅದರ ಒಡೆಯನಿಗೆ ಬರುವುದಿಲ್ಲ. ಈಗ ಇನ್ನೂರಕ್ಕೂ ಹೆಚ್ಚು ಉತ್ಪಾದಕರಿದ್ದಾರೆ, ಆದರೂ ಆ ಪುರಸಭೆಯ ವ್ಯಾಪ್ತಿಯ ಸುಮಾರು ಅರ್ಧ ಭಾಗ ಇನ್ನೂ ಕಾಡೇ.

ನಾವು ಹೋದಾಗ ಕೊಯ್ಲು ಮುಗಿದಿತ್ತು, ಎಲೆಗಳು ಹಳದಿಗೆ ತಿರುಗುತ್ತಿದ್ದವು. ತೋಟ ತೋರಿಸಿದ ಹೆಣ್ಣುಮಗಳು ಬಳ್ಳಿಯ ಬುಡವನ್ನು ತೋರಿಸಿ, ಇನ್ನು ಇದು ಮಲಗುತ್ತದೆ, ಚಳಿಗಾಲದಲ್ಲಿ ಸವರಿದರೆ ವಸಂತಕ್ಕೆ ಚಿಗುರುತ್ತದೆ ಎಂದರು. ನಮ್ಮೂರಿನ ಬಳ್ಳಿಗೆ ಈ ನಿದ್ದೆಯೇ ಇಲ್ಲ, ಎರಡು ಬಾರಿ ಸವರಿ ವರ್ಷಕ್ಕೆ ಎರಡು ಬೆಳೆ ತೆಗೆಯುತ್ತೇವೆ ಎಂದಾಗ ಅವರಿಗೆ ಅಚ್ಚರಿಯಾಯಿತು. ಅವರು ಚಪ್ಪರದ ಬಗ್ಗೆ ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿದರು. ನೆಲಮಾಳಿಗೆಯಲ್ಲಿ ಆಳೆತ್ತರದ ಓಕ್ ಪೀಪಾಯಿಗಳು ಸಾಲಾಗಿದ್ದವು. ಒಂದಿಷ್ಟು ರುಚಿ ನೋಡಿದೆ: ನೇರಳೆಹಣ್ಣು ತಿಂದಾಗ ನಾಲಿಗೆ ಹಿಡಿದುಕೊಳ್ಳುವಂಥ ಒಗರು ಮೊದಲು ಬಂತು, ಹಣ್ಣಿನ ರುಚಿ ಸಾವಕಾಶವಾಗಿ ಆಮೇಲೆ ಬಂತು. ಮೊಂಟೆಪುಲ್ಚಾನೊದಲ್ಲೂ ಇದೇ ತಳಿಯ ಇನ್ನೊಂದು ರೂಪದಿಂದ ವೈನ್ ಮಾಡುತ್ತಾರೆ. ಅಲ್ಲಿ ನೆಲಮಾಳಿಗೆಗಳು ಊರಿನ ಮನೆಗಳ ಅಡಿಯಲ್ಲೇ ಇವೆ. ಆದರೆ ನನಗೆ ಹೆಚ್ಚು ನೆನಪಿರುವುದು ಗೋಡೆಯ ಹೊರಗೆ ಸೈಪ್ರೆಸ್ ಮರಗಳ ದಾರಿಯ ಕೊನೆಯಲ್ಲಿರುವ, 1518ರಲ್ಲಿ ಕಟ್ಟಲು ತೊಡಗಿದ ಸಾನ್ ಬ್ಯಾಜೊ ಚರ್ಚು.

ಹೋಗುವವರಿಗೆ ಉಪಯೋಗವಾಗುವ ಒಂದೆರಡು ಮಾತು. ಸಸ್ಯಾಹಾರಿಗಳಿಗೆ ಊಟಕ್ಕೆ ಕೊರತೆಯಿಲ್ಲ. ಕೈಯಲ್ಲೇ ಹೊಸೆದ ದಪ್ಪ ಶಾವಿಗೆಯಂಥ ಪಿಚಿಯನ್ನು ಬೆಳ್ಳುಳ್ಳಿ ಮತ್ತು ಟೊಮೆಟೊ ಸಾರಿನಲ್ಲಿ ಕೊಡುತ್ತಾರೆ. ಬ್ರೆಡ್ಡು, ಕಾಳು, ಕಪ್ಪು ಎಲೆಕೋಸು ಬೇಯಿಸಿದ ರಿಬೊಲ್ಲಿಟಾ ಹೊಟ್ಟೆ ತುಂಬಿಸುತ್ತದೆ. ಪಿಯೆಂಜಾದ ಕುರಿಹಾಲಿನ ಪೆಕೊರಿನೊ ಚೀಸನ್ನು ಮಾತ್ರ ಸಾಂಪ್ರದಾಯಿಕವಾಗಿ ಪ್ರಾಣಿಯ ಜಠರದಿಂದ ತೆಗೆದ ರೆನೆಟ್ ಎಂಬ ಹೆಪ್ಪಿನಿಂದ ಗಟ್ಟಿಯಾಗಿಸುತ್ತಾರೆ, ಕಟ್ಟುನಿಟ್ಟಿನವರು ಕೇಳಿಯೇ ತಿನ್ನಬೇಕು. ಸಿಯೆನಾದಿಂದ ಬಸ್ಸುಗಳಿವೆ, ಭಾನುವಾರ ವಿರಳ. ಕಾರು ಬಾಡಿಗೆಗೆ ಪಡೆಯುವುದಾದರೆ ಹೊರಡುವ ಮೊದಲೇ ಆರ್‌ಟಿಓದಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಳ್ಳಿ. ಕೋಟೆಯೊಳಗಿನ ಬೀದಿಗಳಿಗೆ ಹೊರಗಿನವರ ವಾಹನ ನಿಷಿದ್ಧ, ಕ್ಯಾಮೆರಾ ಹಿಡಿದರೆ ದಂಡ ಬೆಂಗಳೂರಿನ ವಿಳಾಸಕ್ಕೂ ಬರುತ್ತದೆ. ತಂಗಲು ತೋಟದ ಮನೆಗಳನ್ನೇ ಆರಿಸಿಕೊಳ್ಳಿ. ರೈತನು ಬೇಸಾಯದ ಜೊತೆಗೆ ಅತಿಥಿಗಳನ್ನಿಟ್ಟುಕೊಳ್ಳಲು 1985ರ ಕಾನೂನು ದಾರಿ ಮಾಡಿಕೊಟ್ಟಿತು, ಪಾಳುಬಿದ್ದಿದ್ದ ಎಷ್ಟೋ ಕಲ್ಲುಮನೆಗಳು ಮತ್ತೆ ದೀಪ ಕಂಡದ್ದು ಹೀಗೆ.

ಬೆಂಗಳೂರು ಬ್ಲೂ ದ್ರಾಕ್ಷಿಗೂ 2013ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕಿದೆ. ಆದರೆ ಮಲ್ಲೇಶ್ವರದ ತಳ್ಳುಗಾಡಿಯಲ್ಲಿ ಅದನ್ನು ಕೊಳ್ಳುವಾಗ ಅದು ಯಾವ ಊರಿನದು, ಯಾರ ತೋಟದ್ದು ಎಂದು ತಿಳಿಯುವ ದಾರಿ ನಮಗಿಲ್ಲ. 2008ರಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ ಅದರ ಸುತ್ತ ನೆಲದ ಬೆಲೆ ಏರಿದ ವೇಗಕ್ಕೆ ಹಣ್ಣಿನ ಬೆಲೆ ಎಂದೂ ಸರಿಸಾಟಿಯಾಗಲಿಲ್ಲ. ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ರಾಜ್ಯ 2007ರಲ್ಲೇ ತಂದಿತ್ತು, ನಂದಿಯ ತಪ್ಪಲಲ್ಲಿ ವೈನರಿಗಳೂ ಇವೆ. ಆದರೂ ಅಲ್ಲಿಗೆ ಹೋಗುವ ಪ್ರವಾಸಿಗರಲ್ಲಿ ಬಹುತೇಕರು ಪಕ್ಕದ ನಂದಿ ಗ್ರಾಮದ ಭೋಗನಂದೀಶ್ವರ ದೇಗುಲವನ್ನಾಗಲಿ ದೇವನಹಳ್ಳಿ ಕೋಟೆಯನ್ನಾಗಲಿ ನೋಡದೆ ಹಿಂತಿರುಗುತ್ತಾರೆ. ಒಂಬತ್ತನೆಯ ಶತಮಾನದಷ್ಟು ಹಿಂದೆ ಹೋಗುವ ದೇಗುಲ, ಕೋಟೆ, ಚಪ್ಪರ ಮೂರನ್ನೂ ಒಂದೇ ದಿನದ ದಾರಿಯಲ್ಲಿ ಜೋಡಿಸಿ, ತೋಟದ ಒಂದು ಕೋಣೆಯನ್ನು ಅತಿಥಿಗಳಿಗೆ ಕೊಡಲು ರೈತನಿಗೆ ಸುಲಭವಾದ ಪರವಾನಗಿ ಕೊಟ್ಟು, ಹಣ್ಣಿನ ಪೆಟ್ಟಿಗೆಯ ಮೇಲೆ ಊರಿನ ಹೆಸರು ಅಚ್ಚಾಗುವಂತೆ ಮಾಡಿದರೆ, ಉಳಿದಿರುವ ಚಪ್ಪರಗಳಲ್ಲಿ ಕೆಲವನ್ನಾದರೂ ಅವುಗಳ ಒಡೆಯರು ಮಾರದೆ ಇಟ್ಟುಕೊಳ್ಳುತ್ತಾರೆಂಬ ನಂಬಿಕೆ ನನಗಿದೆ.